ದೇವರಿಗೆ ಹೇಳಿದ್ದಾಯಿತು, ತಂಗಿಗೆ?

ಓದುಗರ ಪತ್ರ: ಅಪ್ಪ ತೀರಿಕೊಂಡ ಮೇಲೆ ಆಸ್ತಿ ಹಂಚಿಕೊಂಡೆವು. ಅವರ ಒಂದು ಠೇವಣಿಯ ವಿಷಯ ನನಗೆ ಮಾತ್ರ ಗೊತ್ತಿತ್ತು. ತಂಗಿಗೆ ಹೇಳದೆ ಪೂರ್ತಿ ನಾನೇ ಇಟ್ಟುಕೊಂಡೆ. ಆಮೇಲೆ ದೇವರ ಮುಂದೆ ಅತ್ತು ಮತ್ತೆ ಮತ್ತೆ ಕ್ಷಮೆ ಕೇಳಿದ್ದೇನೆ. ಸಮಾಧಾನ ಇಲ್ಲ. ಕಥೋಲಿಕ ಗೆಳೆಯ ‘ಗುರುಗಳ ಹತ್ತಿರ ಪಾಪನಿವೇದನೆ ಮಾಡು’ ಎನ್ನುತ್ತಾನೆ. ನಮ್ಮ ಸಭೆಯ ಹಿರಿಯರು ‘ದೇವರಿಗೂ ನಿನಗೂ ಮಧ್ಯೆ ಮನುಷ್ಯ ಯಾಕೆ?’ ಎನ್ನುತ್ತಾರೆ. ಬೈಬಲಿನ ರಾಜ ದಾವೀದನೂ ‘ನಿನಗೇ ತಪ್ಪು ಮಾಡಿದ್ದೇನೆ’ ಎಂದು ದೇವರಿಗೆ ಮಾತ್ರ ಹೇಳಿದನಲ್ಲವೇ? ಯಾರ ಮಾತು ಸರಿ? ಹೀಗಿರುವಾಗ ನಾನು ಪ್ರಭುಭೋಜನ (ಯೇಸುವಿನ ನೆನಪಿಗೆ ಸಭೆಯಲ್ಲಿ ಹಂಚುವ ರೊಟ್ಟಿ, ದ್ರಾಕ್ಷಾರಸ) ತೆಗೆದುಕೊಳ್ಳಬಹುದೇ? (ಹೆಸರು ಬೇಡ)

ಸಂಪಾದಕರ ಉತ್ತರ:

ನಿಮ್ಮ ಪತ್ರದಲ್ಲಿ ದೇವರಿದ್ದಾನೆ, ಗುರುಗಳಿದ್ದಾರೆ, ಹಿರಿಯರಿದ್ದಾರೆ, ದಾವೀದನೂ ಇದ್ದಾನೆ. ತಂಗಿ ಮಾತ್ರ ಒಂದು ಮಾತಿನಲ್ಲಿ ಬಂದು ಹೋಗಿಬಿಡುತ್ತಾಳೆ. ನಿಮ್ಮ ಕಷ್ಟ ಇರುವುದು ಅಲ್ಲೇ ಅಂತ ನನಗನ್ನಿಸುತ್ತದೆ. ಆದರೂ ನೀವು ಕೇಳಿದ ಪ್ರಶ್ನೆಯಿಂದಲೇ ಶುರು ಮಾಡೋಣ.

ನಿಮ್ಮ ಹಿರಿಯರ ಮಾತಿಗೆ ಆಧಾರ ಇದೆ. ನಮ್ಮ ಪಾಪಗಳನ್ನು ಅರಿಕೆ ಮಾಡಿದರೆ ದೇವರು ಕ್ಷಮಿಸುತ್ತಾನೆ ಎಂದು ಯೋಹಾನನ ಮೊದಲ ಪತ್ರ ಹೇಳುತ್ತದೆ (1:9). ಅಲ್ಲಿ ಬೇರೆ ಷರತ್ತಿಲ್ಲ. ಲೂಕನ 18ನೇ ಅಧ್ಯಾಯದ ಸುಂಕದವನು ದೂರದಲ್ಲೇ ನಿಂತ. ಪಾಪಿಯಾದ ನನ್ನನ್ನು ಕರುಣಿಸು ಎಂದಷ್ಟೇ ಬೇಡಿಕೊಂಡ. ನೀತಿವಂತನಾಗಿ ಮನೆಗೆ ಹೋದ.

ನಿಮ್ಮ ಗೆಳೆಯನ ಮಾತಿಗೂ ಆಧಾರ ಇದೆ. ನೀವು ಯಾರ ಪಾಪಗಳನ್ನು ಕ್ಷಮಿಸುತ್ತೀರೋ ಅವು ಕ್ಷಮಿಸಲ್ಪಡುತ್ತವೆ ಎಂದು ಯೇಸು ಶಿಷ್ಯರಿಗೆ ಹೇಳಿದ್ದು ಯೋಹಾನನ ಸುವಾರ್ತೆಯಲ್ಲೇ ಇದೆ (20:23). ಕಥೋಲಿಕರೂ ‘ಗುರುಗಳು ಸ್ವಂತ ಅಧಿಕಾರದಿಂದ ಕ್ಷಮಿಸುತ್ತಾರೆ’ ಎನ್ನುವುದಿಲ್ಲ. ಕ್ಷಮಿಸುವವನು ದೇವರು, ಗುರು ಆತನ ಹೆಸರಿನಲ್ಲಿ ಹೇಳುವವರು. ರಷ್ಯನ್ ಆರ್ಥೊಡಾಕ್ಸ್ ಸಭೆಯಲ್ಲಿ ಗುರುಗಳು ಪಕ್ಕದಲ್ಲಿ ನಿಂತು, ‘ಕ್ರಿಸ್ತನೇ ಇಲ್ಲಿದ್ದಾನೆ, ನಾನು ಬರೀ ಸಾಕ್ಷಿ’ ಎಂದು ಮೊದಲೇ ಹೇಳಿಬಿಡುತ್ತಾರೆ. ಪ್ರಾಟೆಸ್ಟೆಂಟರು ಇದನ್ನೆಲ್ಲ ಬಿಟ್ಟುಬಿಟ್ಟರು ಅಂತ ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ಪ್ರಾಟೆಸ್ಟೆಂಟ್ ಸುಧಾರಣೆ ಶುರು ಮಾಡಿದ ಲೂಥರ್ 1517ರಲ್ಲಿ ಸಿಡಿದೆದ್ದದ್ದು ಪಾಪವಿಮೋಚನಾ ಪತ್ರಗಳ (ಪಾಪದ ಶಿಕ್ಷೆ ಕಡಿಮೆಯಾಗುತ್ತದೆಂದು ಹಣಕ್ಕೆ ಕೊಡುತ್ತಿದ್ದ ಪತ್ರಗಳು) ವ್ಯಾಪಾರದ ವಿರುದ್ಧ. ಒಬ್ಬರ ಮುಂದೆ ಕೂತು ಪಾಪ ಅರಿಕೆ ಮಾಡುವುದನ್ನು ಅವರು ಕೈಬಿಡಲಿಲ್ಲ. ಅದನ್ನು ಉಳಿಸಿಕೊಳ್ಳಬೇಕು ಎಂದು ಲೂಥರ್ ಪಂಥದ ನಂಬಿಕೆಗಳನ್ನು ಸಾರುವ 1530ರ ಆಗ್ಸ್‌ಬರ್ಗ್ ವಿಶ್ವಾಸ ಪ್ರಕಟಣೆ ಸ್ಪಷ್ಟವಾಗಿ ಹೇಳುತ್ತದೆ. ನಿಮ್ಮ ಹಿರಿಯರಿಗೆ ಇದನ್ನೊಮ್ಮೆ ತೋರಿಸಿ. ಜಗಳಕ್ಕಲ್ಲ, ಸುಮ್ನೆ.

ಪದ್ಧತಿಗಳು ಬದಲಾಗುತ್ತಲೇ ಬಂದಿವೆ. ಮೊದಲ ಶತಮಾನಗಳಲ್ಲಿ ದೊಡ್ಡ ಪಾಪ ಮಾಡಿದವರು ಎಲ್ಲರೆದುರಿಗೇ ವರ್ಷಗಟ್ಟಲೆ ಪ್ರಾಯಶ್ಚಿತ್ತ ಮಾಡಬೇಕಿತ್ತು. ಗುಟ್ಟಾಗಿ ಒಬ್ಬರಿಗೆ ಹೇಳುವ ರೂಢಿಯನ್ನು ಬೆಳೆಸಿದವರು ಐರ್ಲೆಂಡಿನ ಸನ್ಯಾಸಿಗಳು. ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಮಾಡಬೇಕೆಂಬ ನಿಯಮ ಬಂದದ್ದು ಕಥೋಲಿಕ ಸಭೆಯ 1215ರ ಲ್ಯಾಟರನ್ ಮಹಾಸಭೆಯಲ್ಲಿ.

ಈಗ ದಾವೀದನ ವಿಷಯ. ನೀವು ಅವನನ್ನು ನಿಮ್ಮ ಪರ ಸಾಕ್ಷಿಗೆ ಕರೆದಿದ್ದೀರಿ. ಅವನು ನಿಮ್ಮ ವಿರುದ್ಧವೇ ಸಾಕ್ಷಿ ಹೇಳುತ್ತಾನೆ! 51ನೇ ಕೀರ್ತನೆಯ ತಲೆಬರಹ ಓದಿ. ಪ್ರವಾದಿ ನಾತಾನ ಬಂದು ಹೋದ ಮೇಲೆ ಹಾಡಿದ್ದು ಎಂದಿದೆ. ಅದಕ್ಕೆ ಮೊದಲು ದಾವೀದ ಏನು ಮಾಡುತ್ತಿದ್ದ? ತನ್ನ ಸೈನಿಕ ಊರೀಯನನ್ನು ಯುದ್ಧದಲ್ಲಿ ಸಾಯಿಸಿ, ಅವನ ಹೆಂಡತಿ ಬತ್ಷೆಬೆಯನ್ನು ಅರಮನೆಗೆ ತಂದು, ಮಗು ಹುಟ್ಟುವವರೆಗೂ ಬಾಯಿ ಬಿಡದೆ ಕೂತಿದ್ದ. ಒಬ್ಬ ಮನುಷ್ಯ ಬಂದು ‘ಆ ಮನುಷ್ಯ ನೀನೇ’ ಎಂದು ಮುಖಕ್ಕೆ ಹೇಳಬೇಕಾಯಿತು. ಯೆಹೋವನಿಗೆ ವಿರೋಧವಾಗಿ ಪಾಪ ಮಾಡಿದ್ದೇನೆ ಎಂದು ದಾವೀದ ಒಪ್ಪಿಕೊಂಡದ್ದು ನಾತಾನನ ಎದುರಿಗೆ. ದೇವರು ನಿನ್ನ ಪಾಪವನ್ನು ತೆಗೆದುಹಾಕಿದ್ದಾನೆ ಎಂಬ ಮಾತನ್ನು ಕೇಳಿಸಿಕೊಂಡದ್ದೂ ನಾತಾನನ ಬಾಯಿಂದಲೇ (2 ಸಮುವೇಲ 12:13). ಇನ್ನೂ ಒಂದು ವ್ಯತ್ಯಾಸ ಇದೆ. ಊರೀಯ ಸತ್ತು ಹೋಗಿದ್ದ. ದಾವೀದ ಯಾರ ಬಳಿ ಹೋಗಿ ಏನನ್ನು ವಾಪಸ್ ಕೊಡಬೇಕಿತ್ತು? ನಿಮ್ಮ ತಂಗಿ ಬದುಕಿದ್ದಾಳೆ.

ಒಬ್ಬರ ಮುಂದೆ ಹೇಳುವುದರಿಂದ ಆಗುವ ಉಪಕಾರ ಇದೇ. ಒಬ್ಬರೇ ಪ್ರಾರ್ಥಿಸುವಾಗ ನಾವು ಪಾಪಕ್ಕೆ ಒಳ್ಳೆಯ ಬಟ್ಟೆ ತೊಡಿಸಿಬಿಡುತ್ತೇವೆ. ‘ಕರ್ತನೇ, ನನ್ನ ಬಲಹೀನತೆಗಳನ್ನು ಮನ್ನಿಸು’ ಎನ್ನುತ್ತೇವೆ. ‘ತಂಗಿಯ ದುಡ್ಡು ಕದ್ದೆ’ ಎನ್ನುವುದಿಲ್ಲ. ಎದುರಿಗೆ ಎರಡು ಕಣ್ಣು ನೋಡುತ್ತಿರುವಾಗ ಆ ಆಟ ನಡೆಯುವುದಿಲ್ಲ. ಹಾಗಂತ ಯಾರಿಗೆ ಬೇಕಾದರೂ ಹೇಳಬೇಡಿ. ಯೇಸುವನ್ನು ಹಣಕ್ಕೆ ಹಿಡಿದುಕೊಟ್ಟ ಇಸ್ಕರಿಯೋತ ಯೂದನನ್ನು ನೆನೆಯಿರಿ. ಅವನು ತಪ್ಪು ಒಪ್ಪಿಕೊಂಡ, 30 ಬೆಳ್ಳಿ ನಾಣ್ಯಗಳನ್ನೂ ವಾಪಸ್ ತಂದ. ಯಾಜಕರು ‘ಅದು ನಮಗೇನು? ನೀನೇ ನೋಡಿಕೋ’ ಎಂದರು. ಅವನು ಹೋಗಿ ಉರುಲು ಹಾಕಿಕೊಂಡ. ಕೇಳಿಸಿಕೊಳ್ಳಬೇಕಾದವರು ಹೀಗೆ ಕೈಬಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಭಯಂಕರ ಉದಾಹರಣೆ ನನಗೆ ಗೊತ್ತಿಲ್ಲ. ವೇದಿಕೆ ಹತ್ತಿಸಿ, ಮೈಕ್ ಕೊಟ್ಟು ಪಾಪ ಹೇಳಿಸುವ ಕೂಟಗಳೂ ನನಗೆ ಹಿಡಿಸುವುದಿಲ್ಲ. ಬಾಯಿ ಬಿಗಿ ಇರುವ, ಬೆಚ್ಚಿಬೀಳದ, ದೇವರ ಕ್ಷಮೆಯನ್ನು ಧೈರ್ಯವಾಗಿ ಹೇಳಬಲ್ಲ ಒಬ್ಬರು ಸಾಕು. ನಿಮ್ಮ ಸಭಾಪಾಲಕರು ಅಂಥವರಾದರೆ ಅವರೇ ಆಗಲಿ. ನೀವು ಕಥೋಲಿಕರಲ್ಲದ ಕಾರಣ ಪಾಪನಿವೇದನೆಯ ಸಂಸ್ಕಾರ ನಿಮಗೆ ಸಾಮಾನ್ಯವಾಗಿ ಸಿಗುವುದಿಲ್ಲ. ಗೆಳೆಯನ ಗುರುಗಳ ಜೊತೆ ಕೂತು ಮಾತಾಡಲು ಅಡ್ಡಿಯಿಲ್ಲ.

ಆದರೆ ಅವರೂ ನಿಮ್ಮನ್ನು ತಂಗಿಯ ಮನೆಗೇ ಕಳಿಸುತ್ತಾರೆ. ಪಾಪಕ್ಕೆ ಕ್ಷಮೆ ಸಿಕ್ಕರೂ ಅದು ಮಾಡಿದ ಹಾನಿ ತಾನಾಗಿ ಸರಿಹೋಗುವುದಿಲ್ಲ, ಕದ್ದದ್ದನ್ನು ಹಿಂದಿರುಗಿಸಬೇಕು ಎಂಬುದು ಕಥೋಲಿಕ ಬೋಧನೆ. ಗುರುಗಳು ಪಾಪನಿವೇದನೆಯಲ್ಲಿ ಕೇಳಿದ್ದನ್ನು ಯಾರಿಗೂ ಹೇಳುವಂತಿಲ್ಲ, ಹೇಳಿದರೆ ಸಭೆಯಿಂದಲೇ ಬಹಿಷ್ಕಾರ. ಅಂದರೆ ಆ ಮಾತು ತಂಗಿಗೆ ಮುಟ್ಟಬೇಕಾದರೆ ನೀವೇ ಮುಟ್ಟಿಸಬೇಕು, ಅಲ್ವಾ?

ಬೈಬಲಿನ ಅರಣ್ಯಕಾಂಡದ 5ನೇ ಅಧ್ಯಾಯ ನಿಮಗಾಗಿಯೇ ಬರೆದಂತಿದೆ. ತಪ್ಪು ಮಾಡಿದವನು ಅರಿಕೆ ಮಾಡಬೇಕು, ಪೂರ್ತಿ ವಾಪಸ್ ಕೊಡಬೇಕು, ಮೇಲೆ ಐದನೇ ಒಂದು ಪಾಲು ಸೇರಿಸಬೇಕು. ಯಾರಿಗೆ ಅನ್ಯಾಯವಾಯಿತೋ ಅವರಿಗೇ ಕೊಡಬೇಕು. ತೆಗೆದುಕೊಳ್ಳಲು ಹತ್ತಿರದವರು ಯಾರೂ ಇಲ್ಲದಿದ್ದರೆ ಮಾತ್ರ ಅದು ಯಾಜಕನಿಗೆ. ಹಾಗಾಗಿ ಆ ಹಣವನ್ನು ಕಾಣಿಕೆ ಡಬ್ಬಿಗೆ ಹಾಕಿ ಕೈ ತೊಳೆದುಕೊಳ್ಳುವ ಯೋಚನೆ ಇದ್ದರೆ ಬಿಟ್ಟುಬಿಡಿ.

ಇದು ಕ್ಷಮೆಗೆ ಕೊಡುವ ಬೆಲೆಯಾ? ಅಲ್ಲ. ಸುಂಕದ ಅಧಿಕಾರಿ ಜಕ್ಕಾಯನ ಕಥೆಯಲ್ಲಿ ಕ್ರಮ ಗಮನಿಸಿ. ಯೇಸು ಮೊದಲು ‘ನಿನ್ನ ಮನೆಗೆ ಬರುತ್ತೇನೆ’ ಎಂದ. ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆ ಎಂದು ಜಕ್ಕಾಯ ಹೇಳಿದ್ದು ಆಮೇಲೆ. ಯಾರೂ ಕೇಳಿರಲಿಲ್ಲ.

ಮದುವೆಯಾಗಿದ್ದರೆ ಹೆಂಡತಿಗೆ ಮೊದಲು ಹೇಳಿ, ಹೋಗುವುದು ಮನೆಯ ದುಡ್ಡು. ತಂಗಿಯ ಹತ್ತಿರ ಹೋಗುವಾಗ ಠೇವಣಿಯ ಲೆಕ್ಕ ಕೈಯಲ್ಲಿರಲಿ. ಒಟ್ಟಿಗೆ ಕೊಡಲಾಗದಿದ್ದರೆ ಕಂತು ಬರೆದುಕೊಂಡು ಹೋಗಿ. ‘ನನಗೆ ಗೊತ್ತಿತ್ತು, ಬೇಕಂತಲೇ ಮುಚ್ಚಿಟ್ಟೆ’ ಎಂದು ನೇರವಾಗಿ ಹೇಳಿ. ‘ನಿನಗೆ ಬೇಜಾರಾಗಿದ್ದರೆ’ ಎಂಬ ಜಾಣ ಮಾತು ಬೇಡ. ಎಪ್ಪತ್ತೇಳು ಸಲ ಕ್ಷಮಿಸಬೇಕೆಂಬ ವಾಕ್ಯವನ್ನು ಅವಳಿಗೆ ನೆನಪಿಸಲು ಹೋಗಬೇಡಿ. ಅದನ್ನು ಅವಳಿಗೆ ಹೇಳುವ ಹಕ್ಕು ನಿಮಗಿಲ್ಲ. ಅವಳು ಕೂಗಾಡಬಹುದು, ಬಾಗಿಲು ಹಾಕಿಕೊಳ್ಳಬಹುದು. ದೇವರ ಕ್ಷಮೆ ಅವಳ ಉತ್ತರಕ್ಕಾಗಿ ಕಾಯುವುದಿಲ್ಲ. ಹಣ ಮಾತ್ರ ಅವಳದ್ದೇ, ಅವಳು ಮಾತು ಬಿಟ್ಟರೂ ಕೊಡಲೇಬೇಕು.

ಪ್ರಭುಭೋಜನದ ಬಗ್ಗೆ: ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಹೋಗಿ ಸಹೋದರನೊಂದಿಗೆ ಒಂದಾಗು, ಆಮೇಲೆ ಬಾ ಎಂದು ಯೇಸು ಹೇಳಿದ್ದಾನೆ (ಮತ್ತಾಯ 5:24). ಯೋಗ್ಯತೆ ಬರಲಿ ಎಂದು ಕಾಯುತ್ತಾ ಕೂತರೆ ನಮ್ಮಲ್ಲಿ ಯಾರೂ ಆ ಮೇಜಿನ ಹತ್ತಿರ ಹೋಗಲಾರೆವು. ನಿಮಗೆ ಹೇಳುವುದಿಷ್ಟೇ: ಮುಂದಿನ ಪ್ರಭುಭೋಜನದ ಭಾನುವಾರ ಯಾವುದು ನೋಡಿ, ಅದಕ್ಕೆ ಮೊದಲೇ ತಂಗಿಗೆ ಫೋನ್ ಮಾಡಿ, ಯಾವಾಗ ಬರಲಿ ಎಂದು ಕೇಳಿ.