ಊರಿಗೆ ಹೊರಟಾಗ ಮೀನಿನ ಊಟದ ಚಿಂತೆ

ಪ್ರಶ್ನೆ: ಮಾನ್ಯರೇ, ನಮ್ಮ ಮನೆಯಲ್ಲಿ ಎರಡು ಅಡಿ ಉದ್ದದ ಗಾಜಿನ ತೊಟ್ಟಿಯಿದೆ. ಈಗ ಅದರಲ್ಲಿ ಎಂಟು ಗಪ್ಪಿ, ನಾಲ್ಕು ಮೋಲಿ ಹಾಗೂ ಒಂದು ಸಕ್ಕರ್ ಮೀನು ಇವೆ. ಕಳೆದ ಬೇಸಿಗೆಯಲ್ಲಿ ಆರು ದಿನ ಊರಿಗೆ ಹೋಗುವಾಗ ಅಂಗಡಿಯವರು ಕೊಟ್ಟ ಬಿಳಿಯ ಆಹಾರದ ಗಟ್ಟಿಯೊಂದನ್ನು ನೀರಿಗೆ ಹಾಕಿದ್ದಲ್ಲದೆ, ಪಕ್ಕದ ಮನೆಯ ಅಜ್ಜಿಯ ಕೈಗೆ ಆಹಾರದ ಡಬ್ಬಿಯನ್ನೂ ಕೊಟ್ಟು ದಿನಕ್ಕೆರಡು ಬಾರಿ ಹಾಕಲು ಹೇಳಿದ್ದೆವು. ಹಿಂತಿರುಗಿ ನೋಡಿದರೆ ನೀರು ಹಾಲು ಬೆರೆಸಿದಂತೆ ಬೆಳ್ಳಗಾಗಿತ್ತು. ಐದು ಮೀನು ಸತ್ತಿದ್ದವು, ಉಳಿದವು ಮೇಲಕ್ಕೆ ಬಂದು ಬಾಯಿ ಬಿಡುತ್ತಿದ್ದವು. ಆಹಾರ ಸಾಲದೆ ಹೀಗಾಯಿತೇ? ಬರುವ ತಿಂಗಳು ಹತ್ತು ದಿನಗಳ ಕಾಶಿಯಾತ್ರೆಗೆ ಹೊರಟಿದ್ದೇವೆ. ತಾನಾಗಿಯೇ ಆಹಾರ ಹಾಕುವ ಯಂತ್ರವನ್ನು ಕೊಳ್ಳಬೇಕೇ?
— ಓದುಗರೊಬ್ಬರು, ಹಾಸನ

ಉತ್ತರ: ನಿಮ್ಮ ಮೀನುಗಳು ಹಸಿವಿನಿಂದ ಸತ್ತಿಲ್ಲ, ಊಟ ಹೆಚ್ಚಾಗಿ ಸತ್ತಿವೆ. ಬೆಳೆದ, ಆರೋಗ್ಯವಂತ ಗಪ್ಪಿಯಾಗಲಿ ಮೋಲಿಯಾಗಲಿ ಒಂದು ವಾರ ಏನೂ ತಿನ್ನದೆ ಇರಬಲ್ಲದು. ನಮ್ಮಂತೆ ಮೈಯನ್ನು ಸದಾ ಬೆಚ್ಚಗಿಟ್ಟುಕೊಳ್ಳಬೇಕಾದ ಹೊರೆ ಮೀನಿಗಿಲ್ಲ. ಅದರ ಮೈಯ ಬಿಸಿ ನೀರಿನ ಬಿಸಿಯನ್ನೇ ಅನುಸರಿಸುವುದರಿಂದ, ನಾವು ತಿಂದದ್ದರಲ್ಲಿ ಬಹುಪಾಲನ್ನು ಯಾವುದಕ್ಕೆ ಖರ್ಚು ಮಾಡುತ್ತೇವೆಯೋ ಆ ಖರ್ಚೇ ಅದಕ್ಕಿಲ್ಲ. ನಾಲ್ಕು ದಿನ ಉಪವಾಸವಿದ್ದ ಮೀನು ಸ್ವಲ್ಪ ತೆಳ್ಳಗಾದೀತು, ತೊಟ್ಟಿಯ ಗಾಜಿಗೆ ಅಂಟಿದ ಪಾಚಿಯನ್ನು ಕೆರೆದು ತಿಂದೀತು, ಅಷ್ಟೆ.

ನೀರು ಬೆಳ್ಳಗಾದದ್ದೇಕೆ ಎಂಬುದನ್ನು ತಿಳಿದರೆ ಉಳಿದದ್ದೆಲ್ಲ ತಾನಾಗಿ ತಿಳಿಯುತ್ತದೆ. ಅಗಲ ಎತ್ತರಗಳು ಒಂದೊಂದು ಅಡಿ ಎಂದಿಟ್ಟುಕೊಂಡರೆ ನಿಮ್ಮ ತೊಟ್ಟಿಯಲ್ಲಿ ಹಿಡಿಯುವುದು ಸುಮಾರು 50 ಲೀಟರ್ ನೀರು, ಎಂದರೆ ಮೂರು ನಾಲ್ಕು ಕೊಡಪಾನ. ಮೀನು ತಿನ್ನದೆ ಬಿಟ್ಟ ಆಹಾರ ಅಷ್ಟೇ ನೀರಿನಲ್ಲಿ ಕೊಳೆಯಬೇಕು. ಕೊಳೆತದ್ದನ್ನು ತಿನ್ನುವ ಬ್ಯಾಕ್ಟೀರಿಯಾಗಳು ಒಮ್ಮೆಲೇ ಹೆಚ್ಚಿದಾಗ ನೀರು ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಅವು ನೀರಿನಲ್ಲಿರುವ ಆಮ್ಲಜನಕವನ್ನು ಎಳೆದುಕೊಳ್ಳುವುದರಿಂದಲೇ ಮೀನುಗಳು ಮೇಲಕ್ಕೆ ಬಂದು ಬಾಯಿ ಬಿಡುತ್ತವೆ. ಜೊತೆಗೆ ಕೊಳೆತ ಆಹಾರದಿಂದಲೂ ಮೀನಿನ ಮೈಯಿಂದಲೂ ಅಮೋನಿಯಾ ಹೊರಡುತ್ತದೆ. ಫಿಲ್ಟರಿನ ಸ್ಪಂಜಿನಲ್ಲಿ ನೆಲೆಸಿರುವ ಬೇರೊಂದು ಬಗೆಯ ಬ್ಯಾಕ್ಟೀರಿಯಾಗಳು ಈ ಅಮೋನಿಯಾವನ್ನು ನೈಟ್ರೈಟ್ ಆಗಿಯೂ, ಅದನ್ನು ಅಷ್ಟಾಗಿ ಅಪಾಯವಿಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆಯಾದರೂ, ಅವು ದಿನದಿನದ ಪ್ರಮಾಣಕ್ಕೆ ಹೊಂದಿಕೊಂಡಿರುತ್ತವೆಯೇ ಹೊರತು ಒಂದೇ ವಾರದಲ್ಲಿ ಮೂರು ಪಟ್ಟು ಹೊರೆ ಬಿದ್ದರೆ ತಾಳಲಾರವು. ನೀರು ಬಿಸಿಯಾದಷ್ಟೂ ಅಮೋನಿಯಾದ ವಿಷ ಹೆಚ್ಚು. ನಿಮ್ಮಲ್ಲಿ ಇದು ನಡೆದದ್ದು ಬೇಸಿಗೆಯಲ್ಲಿ ಎಂಬುದನ್ನು ಗಮನಿಸಿ.

ಶೃಂಗೇರಿಯ ತುಂಗಾ ನದಿಯ ಮೀನುಗಳಿಗೆ ಭಕ್ತರು ದಿನವಿಡೀ ಮಂಡಕ್ಕಿ ಎಸೆಯುವುದಿಲ್ಲವೇ, ಅವು ಚೆನ್ನಾಗಿಯೇ ಇವೆಯಲ್ಲ ಎಂದು ಕೆಲವರು ನನ್ನನ್ನು ಕೇಳುವುದುಂಟು. ಅಲ್ಲಿ ಹೊಳೆ ಹರಿಯುತ್ತದೆ, ಉಳಿದದ್ದನ್ನು ಕೊಚ್ಚಿಕೊಂಡು ಹೋಗುತ್ತದೆ. ನಿಮ್ಮ ತೊಟ್ಟಿಗೆ ಕೊಚ್ಚಿಕೊಂಡು ಹೋಗುವ ಹೊಳೆ ಎಂದರೆ ನೀವೇ, ನಿಮ್ಮ ಬಕೆಟ್ಟೇ. ಮತ್ತು ನೀವು ಕಾಶಿಯಲ್ಲಿರುತ್ತೀರಿ.

ಪಕ್ಕದ ಮನೆಯ ಅಜ್ಜಿಯದು ತಪ್ಪೆಂದು ನಾನು ಹೇಳಲಾರೆ. ಗಾಜಿನ ಮುಂದೆ ಯಾರು ನಿಂತರೂ ಮೀನುಗಳು ಓಡಿಬಂದು ಬಾಯಾಡಿಸುತ್ತವೆ. ಹೊಟ್ಟೆ ತುಂಬಿದ್ದರೂ ಹಾಗೆಯೇ ಮಾಡುತ್ತವೆ. ಬೇಡವೆಂದರೂ ಎಲೆಗೆ ಇನ್ನೊಂದು ಸೌಟು ಬಡಿಸುವ ನಮ್ಮ ಜನರಿಗೆ ಅದನ್ನು ನೋಡಿಕೊಂಡು ಒಂದೇ ಚಿಟಿಕೆಗೆ ಕೈ ತಡೆಯುವುದು ಕಷ್ಟ. ಆದುದರಿಂದ ಡಬ್ಬಿಯನ್ನು ಎಂದಿಗೂ ಕೊಡಬೇಡಿ. ನೀವು ಹಾಕುವ ಒಂದು ಹೊತ್ತಿನ ಆಹಾರದ ಅರ್ಧದಷ್ಟನ್ನು ಕಾಗದದ ಪೊಟ್ಟಣವಾಗಿ ಕಟ್ಟಿ, ಅಂತಹ ಎರಡನ್ನು ಮಾತ್ರ ತಯಾರಿಸಿ, ಒಂದರ ಮೇಲೆ ನಾಲ್ಕನೆಯ ದಿನದ ವಾರವನ್ನೂ ಇನ್ನೊಂದರ ಮೇಲೆ ಏಳನೆಯ ದಿನದ ವಾರವನ್ನೂ ಬರೆದು ಅವರ ಕೈಗಿಡಿ. ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ; ತಮಾಷೆಗೆ ಹೇಳುತ್ತಿಲ್ಲ. ಹತ್ತು ದಿನಕ್ಕೆ ಎರಡು ಊಟ ಧಾರಾಳವಾಯಿತು. ಅಜ್ಜಿಯಿಂದ ನಿಮಗೆ ನಿಜವಾಗಿ ಆಗಬೇಕಾದ ಉಪಕಾರ ಬೇರೆಯೇ ಇದೆ: ದಿನಕ್ಕೊಮ್ಮೆ ಬಂದು ಫಿಲ್ಟರ್ ಓಡುತ್ತಿದೆಯೇ ಎಂದು ನೋಡುವುದು, ಮೀನುಗಳನ್ನು ಎಣಿಸುವುದು, ಸತ್ತದ್ದು ಕಂಡರೆ ಕೂಡಲೇ ಜಾಲರಿಯಿಂದ ತೆಗೆಯುವುದು.

ಅಂಗಡಿಯ ಬಿಳಿಯ ಗಟ್ಟಿಯ ವಿಷಯದಲ್ಲಿ ನನಗೆ ಒಳ್ಳೆಯ ಮಾತಿಲ್ಲ. ಅಂತಹ ಅನೇಕ ಗಟ್ಟಿಗಳಲ್ಲಿ ಆಹಾರದ ಕಾಳುಗಳನ್ನು ಹಿಡಿದಿಟ್ಟಿರುವುದು ಕ್ಯಾಲ್ಸಿಯಂ ಸಲ್ಫೇಟ್, ಅಂದರೆ ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ಬಳಗದ ವಸ್ತು. ಅದು ಕರಗಿದಂತೆಲ್ಲ ನೀರು ಗಡಸಾಗುತ್ತದೆ; ಬೋರ್‌ವೆಲ್ ನೀರು ತುಂಬಿಸುವವರಿಗೆ ಆ ಗಡಸುತನ ಮೊದಲೇ ಬೇಕಾದಷ್ಟಿರುತ್ತದೆ. ಬಿಡುಗಡೆಯಾದ ಕಾಳುಗಳನ್ನು ಮೀನು ತಿಂದಿತೋ ಬಿಟ್ಟಿತೋ ನೋಡುವವರಿಲ್ಲ.

ಯಂತ್ರ ಹಾಗಲ್ಲ, ಎರಡು ವಾರ ಮೀರಿ ಹೊರಗಿರುವವರಿಗೆ ಅದು ಉಪಯುಕ್ತವೇ. ಗಡಿಯಾರದ ಲೆಕ್ಕಕ್ಕೆ ಸಣ್ಣ ಡ್ರಮ್ ಒಂದು ಸುತ್ತು ತಿರುಗಿ, ಅದರ ಕಿಂಡಿಯಿಂದ ಆಹಾರ ಉದುರುತ್ತದೆ. ಕಿಂಡಿಯನ್ನು ಅತ್ಯಂತ ಕಿರಿದಾಗಿಡಬೇಕು, ಪುಡಿಯಾಗುವ ಹಾಳೆಯಂತಹ ಆಹಾರದ ಬದಲು ಸಣ್ಣ ಕಾಳನ್ನೇ ತುಂಬಬೇಕು. ತೊಟ್ಟಿಯಿಂದೇಳುವ ತೇವಕ್ಕೆ ಆಹಾರ ಮುದ್ದೆಗಟ್ಟಿ ಒಂದು ದಿನ ಏನೂ ಬೀಳದೆ ಮರುದಿನ ಮುದ್ದೆಯೇ ಬೀಳುವುದುಂಟು. ಕೊಂಡರೆ ನೀವು ಮನೆಯಲ್ಲಿರುವಾಗಲೇ ಒಂದು ವಾರ ಓಡಿಸಿ ನೋಡಿ. ಹತ್ತು ದಿನಗಳ ಯಾತ್ರೆಗಾಗಿ ಕೊಳ್ಳುವ ಅಗತ್ಯ ನನಗೆ ಕಾಣುವುದಿಲ್ಲ.

ಹೊರಡುವ ಹಿಂದಿನ ದಿನ ತೊಟ್ಟಿಯನ್ನು ಪೂರ್ತಿ ತೊಳೆಯುವ ಹುಮ್ಮಸ್ಸು ಬೇಡ. ಮೂರು ದಿನ ಮೊದಲು ಕಾಲುಭಾಗ ನೀರು ಬದಲಿಸಿ. ನಲ್ಲಿ ನೀರಾದರೆ ಕ್ಲೋರಿನ್ ತೆಗೆಯುವ ಔಷಧ ಹಾಕಿಯೇ ಬಳಸಿ, ಫಿಲ್ಟರಿನ ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ. ಹಿಂಬದಿಯ ಗಾಜಿನ ಪಾಚಿಯನ್ನು ಮೋಲಿಗಳಿಗೂ ಸಕ್ಕರಿಗೂ ಬಿಡಿ. ಸಕ್ಕರಿಗೆಂದು ಸೌತೆಕಾಯಿಯ ಹೋಳನ್ನು ಒಳಗೆ ಬಿಟ್ಟು ಹೋಗಬೇಡಿ, ಅದೂ ಕೊಳೆಯುತ್ತದೆ. (ಅದು ಸಾಮಾನ್ಯ ಜಾತಿಯ ಸಕ್ಕರಾಗಿದ್ದರೆ ಒಂದಡಿಗೂ ಮೀರಿ ಬೆಳೆಯುತ್ತದೆ ಎಂಬುದನ್ನೂ ನೆನಪಿಡಿ.) ಇನ್ನೊಂದು ಮಾತು, ಬಾಗಿಲಿಗೆ ಬೀಗ ಹಾಕುವಾಗ ಅಭ್ಯಾಸಬಲದಿಂದ ಮೇನ್ ಸ್ವಿಚ್ ಆರಿಸಿಬಿಡುವವರೇ ನಮ್ಮಲ್ಲಿ ಹೆಚ್ಚು. ಫಿಲ್ಟರ್ ನಿಂತರೆ ಮೇಲೆ ಹೇಳಿದ ಬ್ಯಾಕ್ಟೀರಿಯಾಗಳಿಗೆ ಉಸಿರಿಲ್ಲ.

ಹಿಂತಿರುಗಿದ ದಿನ ಪಾಪ ಎಂದು ಹಬ್ಬದೂಟ ಹಾಕಬೇಡಿ. ನಾನು ಒಮ್ಮೆ ಹಾಗೆ ಮಾಡಿ, ಎಂಟು ದಿನ ಉಪವಾಸವಿದ್ದೂ ಬದುಕಿದ್ದ ಮೀನನ್ನು ಒಂಬತ್ತನೆಯ ದಿನ ಕಳೆದುಕೊಂಡಿದ್ದೇನೆ. ಹೊರೆ ಕಡಿಮೆಯಾದ ದಿನಗಳಲ್ಲಿ ಫಿಲ್ಟರಿನ ಬ್ಯಾಕ್ಟೀರಿಯಾಗಳೂ ಕಡಿಮೆಯಾಗಿರುತ್ತವೆ. ಮೊದಲ ದಿನ ಒಂದು ಚಿಟಿಕೆ ಸಾಕು, ಮೂರು ನಾಲ್ಕು ದಿನಗಳಲ್ಲಿ ಮಾಮೂಲಿಗೆ ಬನ್ನಿ.

ಪ್ರಶ್ನೆ: ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಹೋದರೆ ಕೆಲವೊಮ್ಮೆ ಇಡೀ ದಿನ ಬರುವುದಿಲ್ಲ. ಮೂರು ದಿನದ ಮದುವೆಗೆ ಹೊರಟಿದ್ದೇವೆ. ಮೀನಿಗೆ ಶಕ್ತಿಯಿರಲೆಂದು ಹೊರಡುವ ಮುನ್ನ ಹೆಚ್ಚು ಆಹಾರ ಹಾಕಬಹುದೇ?
— ಓದುಗರೊಬ್ಬರು, ಮೂಡಿಗೆರೆ

ಉತ್ತರ: ಹೆಚ್ಚು ಬೇಡ, ಹೊರಡುವ ದಿನ ಏನೂ ಹಾಕದಿದ್ದರೆ ಇನ್ನೂ ಒಳ್ಳೆಯದು. ತಿಂದದ್ದನ್ನು ಅರಗಿಸಲು ಮೀನಿಗೆ ಹೆಚ್ಚು ಆಮ್ಲಜನಕ ಬೇಕು, ಕರೆಂಟ್ ಹೋದಾಗ ಕೊರತೆಯಾಗುವುದೂ ಅದೇ. ನಿಮ್ಮ ಮಲೆನಾಡಿನ ತಂಪು ಇಲ್ಲಿ ನಿಮ್ಮ ಪರವಾಗಿದೆ. ಸಮುದ್ರಮಟ್ಟದ ಲೆಕ್ಕದಲ್ಲಿ 30 ಡಿಗ್ರಿ ಸೆಲ್ಸಿಯಸ್‌ನ ಒಂದು ಲೀಟರ್ ನೀರು ಸುಮಾರು 7.5 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಂಡರೆ, 20 ಡಿಗ್ರಿಯ ನೀರು ಸುಮಾರು 9 ಮಿಲಿಗ್ರಾಂ ಹಿಡಿದಿಟ್ಟುಕೊಳ್ಳುತ್ತದೆ. ತಂಪಿನಲ್ಲಿ ಮೀನಿನ ಬೇಡಿಕೆಯೂ ಇಳಿಯುತ್ತದೆ. ತೊಟ್ಟಿಯಲ್ಲಿ ಮೀನು ಕಿಕ್ಕಿರಿದಿದ್ದರೆ, ಕರೆಂಟ್ ಹೋದೊಡನೆ ತಾನೇ ಚಾಲೂ ಆಗುವ ಬ್ಯಾಟರಿಯ ಏರ್ ಪಂಪ್ ಒಂದನ್ನು ಜೋಡಿಸಿ. ಆಹಾರಕ್ಕಿಂತ ಅದಕ್ಕೆ ಹಣ ಹಾಕುವುದು ಲೇಸು.

ಪ್ರಶ್ನೆ: ನಮ್ಮ ಗಪ್ಪಿ ಮೊನ್ನೆ ಮರಿ ಹಾಕಿದೆ. ಐದು ದಿನ ಹೊರಗೆ ಹೋಗಬೇಕಾಗಿದೆ. ಮರಿಗಳೂ ಉಪವಾಸ ಇರಬಲ್ಲವೇ?
— ಓದುಗರೊಬ್ಬರು, ಸಕಲೇಶಪುರ

ಉತ್ತರ: ಇರಲಾರವು. ಮೇಲೆ ಹೇಳಿದ್ದೆಲ್ಲ ಬೆಳೆದ ಮೀನಿನ ಮಾತು. ಮರಿಗಳಿಗೆ ದಿನಕ್ಕೆ ಎರಡು ಮೂರು ಬಾರಿ ನುಣ್ಣಗೆ ಪುಡಿಮಾಡಿದ ಆಹಾರ ಬೇಕು; ಅವುಗಳ ಜೊತೆಗೆ ದೊಡ್ಡ ಮೀನುಗಳೂ ಹಸಿದಿದ್ದರೆ ಮರಿಗಳೇ ಅವುಗಳ ಊಟವಾಗುತ್ತವೆ. ತೊಟ್ಟಿಯಲ್ಲಿ ಜಾವಾ ಮಾಸ್‌ನಂತಹ ದಟ್ಟ ಗಿಡವಿದ್ದರೆ ಅದರಲ್ಲಿರುವ ಸೂಕ್ಷ್ಮಜೀವಿಗಳನ್ನು ತಿಂದು ಒಂದೆರಡು ದಿನ ಕಳೆದಾವು, ಐದು ದಿನ ಕಷ್ಟ. ಬೇಯಿಸಿದ ಮೊಟ್ಟೆಯ ಹಳದಿಯನ್ನು ಹಾಕಲು ಪಕ್ಕದ ಮನೆಯವರಿಗೆ ಹೇಳುವ ಯೋಚನೆಯಿದ್ದರೆ ಬಿಟ್ಟುಬಿಡಿ, ಅದರಷ್ಟು ಬೇಗ ನೀರು ಕೆಡಿಸುವ ವಸ್ತು ಇನ್ನೊಂದಿಲ್ಲ. ಮೀನು ಸಾಕಿ ಅಭ್ಯಾಸವಿರುವ ಗೆಳೆಯರಿದ್ದರೆ, ಮರಿಗಳನ್ನು ನಿಮ್ಮ ತೊಟ್ಟಿಯ ನೀರಿನ ಸಮೇತ ಮುಚ್ಚಳವಿರುವ ಬಕೆಟ್ಟಿನಲ್ಲಿ, ಒಂದು ಹಿಡಿ ಮಾಸ್ ಹಾಕಿ, ಅವರ ಮನೆಗೆ ಒಯ್ದು ಬಿಡಿ. ಆ ಐದು ದಿನ ಅವು ಅದೇ ಬಕೆಟ್ಟಿನಲ್ಲಿ, ಗಾಳಿಯ ಪಂಪಿನೊಂದಿಗೆ, ಇರಲಿ.