ಎಂಜಿನ್ ಬದಲಾದ ಸೆಕೆಂಡ್ ಹ್ಯಾಂಡ್ ಕಾರಿನಲ್ಲಿ ಕೋಡ್ ಹೋಗುತ್ತಲೇ ಇಲ್ಲ, ಇಸಿಎಂ ಬದಲಿಸಬೇಕಾ?

ಈಗಲೇ ಬೇಡ. ಇಸಿಎಂ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಕೊನೆಗೆ ನೋಡೋಣ.

ನೀವು ಬರೆದಿದ್ದು ನನಗೆ ಅರ್ಥ ಆದ ಹಾಗೆ ಇಷ್ಟು. 2012ರ ಡೀಸೆಲ್ ಸ್ವಿಫ್ಟ್, ಹಾಸನ ರಿಜಿಸ್ಟ್ರೇಷನ್. ಹಳೇ ಎಂಜಿನ್ ಸೀಜ್ ಆಗಿ, ಹಿಂದಿನ ಓನರ್ ಗುಜರಿಯಿಂದ ಬೇರೆ ಎಂಜಿನ್ ತಂದು ಕೂರಿಸಿದ್ದಾರೆ. ನೀವು ಮೂಡಿಗೆರೆಗೆ ತಂದ ಮೇಲೆ ಚೆಕ್ ಎಂಜಿನ್ ಲೈಟ್ ಆರುತ್ತಿಲ್ಲ, ಸ್ಕ್ಯಾನರ್ ಪಿ0340, ಪಿ0299, ಪಿ0380 ತೋರಿಸುತ್ತಿದೆ. ಕ್ಯಾಮ್ ಸೆನ್ಸರ್ (ವಾಲ್ವ್ ತೆರೆಯುವ ಕ್ಯಾಮ್ ದಂಡ ಎಲ್ಲಿದೆ ಅಂತ ಇಸಿಎಂಗೆ ಹೇಳುವುದು) ಹೊಸದು ಹಾಕಿದರೂ ಕೋಡ್ ವಾಪಸ್ ಬಂತು, ಈಗ ಮೆಕ್ಯಾನಿಕ್ ಇಸಿಎಂ ಹೋಗಿದೆ, ಇಪ್ಪತ್ತೈದು ಸಾವಿರ ಬೇಕು ಅನ್ನುತ್ತಿದ್ದಾರೆ.

ನಾನು ಚಿಕ್ಕಮಗಳೂರಿನಲ್ಲಿ ಕಾರುಗಳ ಎಲೆಕ್ಟ್ರಿಕಲ್ ಕೆಲಸ ಮಾಡುವವನು. ಎಂಜಿನ್ ಬದಲಾದ ಗಾಡಿಗಳು ಇಲ್ಲಿ ಜಾಸ್ತಿನೇ ಬರುತ್ತವೆ. ಕೋಡ್ ಯಾವತ್ತೂ ಯಾವ ಪಾರ್ಟ್ ಹಾಳಾಗಿದೆ ಅಂತ ಹೇಳುವುದಿಲ್ಲ, ಇಸಿಎಂಗೆ ಯಾವ ಸರ್ಕಿಟ್‌ನಿಂದ ಸರಿಯಾದ ಸಿಗ್ನಲ್ ಬರುತ್ತಿಲ್ಲ ಅಂತ ಮಾತ್ರ ಹೇಳುತ್ತದೆ. ಪಿ0340 ಅಂದರೆ ಕ್ಯಾಮ್ ಸೆನ್ಸರ್ ಸರ್ಕಿಟ್. ಅದರಲ್ಲಿ ಸೆನ್ಸರ್ ಒಂದು ತುಂಡು ಅಷ್ಟೇ. ವೈರ್, ಕನೆಕ್ಟರ್, ಅರ್ತ್ (ಕರೆಂಟ್ ಬ್ಯಾಟರಿ ಮೈನಸ್‌ಗೆ ವಾಪಸ್ ಹೋಗುವ ದಾರಿ), ಕ್ಯಾಮ್ ತಿರುಗುವ ಟೈಮಿಂಗ್, ಎಲ್ಲವೂ ಅದರೊಳಗೇ ಬರುತ್ತದೆ. ಕೋಡ್ ನೋಡಿದ ಕೂಡಲೇ ಸೆನ್ಸರ್ ಬದಲಿಸುವುದು ಕರೆಂಟ್ ಹೋದಾಗ ಬಲ್ಬ್ ಬದಲಿಸಿದ ಹಾಗೆ.

ಮೊದಲು ಎಂಜಿನ್ ಎಲ್ಲಿಂದ ಬಂತು ಅಂತ ತಿಳಿದುಕೊಳ್ಳಿ. ನಿಮ್ಮ ಗಾಡಿಯ 1248 ಸಿಸಿ ಎಂಜಿನ್ ಮೂಲದಲ್ಲಿ ಫಿಯೆಟ್‌ನದು. ಮಾರುತಿ ಅದನ್ನು ಡಿಡಿಐಎಸ್ ಅಂತ, ಟಾಟಾ ಕ್ವಾಡ್ರಾಜೆಟ್ ಅಂತ, ಫಿಯೆಟ್ ಮಲ್ಟಿಜೆಟ್ ಅಂತ ಮಾರಿದವು. ಹಾಗಾಗಿ ಗುಜರಿಯವನಿಗೆ ಎಲ್ಲವೂ ಒಂದೇ. ಆದರೆ ಒಂದೇ ಅಲ್ಲ. ಸ್ವಿಫ್ಟ್‌ನಲ್ಲಿ ಇದು ಸುಮಾರು 75 ಎಚ್‌ಪಿ, ಸಾದಾ ಟರ್ಬೊ (ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಭಾಗ). ಎಸ್‌ಎಕ್ಸ್4, ಮಾಂಜಾ ಥರದ ಗಾಡಿಗಳಲ್ಲಿ 90 ಎಚ್‌ಪಿ, ವೇರಿಯಬಲ್ ಜಿಯೋಮೆಟ್ರಿ ಟರ್ಬೊ, ಅಂದರೆ ಒಳಗಿನ ರೆಕ್ಕೆಗಳ ಕೋನ ಬದಲಾಗುವಂಥದ್ದು. ಆ ಟರ್ಬೊ ಸಮೇತ ಎಂಜಿನ್ ಕೂರಿಸಿದ್ದರೆ, ನಿಮ್ಮ ಸ್ವಿಫ್ಟ್‌ನ ಇಸಿಎಂಗೆ ಅದನ್ನು ಆಡಿಸುವುದು ಗೊತ್ತಿಲ್ಲ, ಟರ್ಬೊ ಗಾಳಿ ಸಾಲದು ಅನ್ನುವ ಪಿ0299 ಕೋಡ್ ಅಲ್ಲಿಂದಲೇ ಬರುತ್ತಿರಬಹುದು. ಬ್ಲಾಕ್ ಮೇಲಿನ ಗ್ರೀಸ್ ಒರೆಸಿ ಎಂಜಿನ್ ನಂಬರ್ ಫೋಟೋ ತೆಗೆದುಕೊಳ್ಳಿ. ಜೊತೆಗೆ ಹಿಂದಿನ ಓನರ್‌ಗೆ ಫೋನ್ ಮಾಡಿ ಮೂರು ವಿಷಯ ಕೇಳಿ: ಟರ್ಬೊ ಯಾವುದು, ಡೀಸೆಲ್ ಸಿಂಪಡಿಸುವ ಇಂಜೆಕ್ಟರ್ ಯಾವುದು, ವೈರಿಂಗ್ ಹಳೇದೇ ಇದೆಯಾ. ತುಂಬಾ ಡೀಸೆಲ್ ಗಾಡಿಗಳಲ್ಲಿ ಇಂಜೆಕ್ಟರ್ ತಲೆ ಮೇಲೆ ಒಂದು ಗುರುತಿನ ಕೋಡ್ ಇರುತ್ತದೆ, ಇಂಜೆಕ್ಟರ್ ಬದಲಾದರೆ ಅದನ್ನು ಇಸಿಎಂಗೆ ಹಾಕಬೇಕು. ಗುಜರಿ ಎಂಜಿನ್ ಕೂರಿಸುವವರು ಈ ಕೆಲಸ ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಗಾಡಿ ನಿಂತಲ್ಲೇ ಎಂಜಿನ್ ಓಡುವಾಗ ನಡುಕ ಇದ್ದರೆ ಇದೂ ನೆನಪಿರಲಿ.

ಆಮೇಲೆ ಅರ್ತ್. ಇದನ್ನು ಸ್ವಲ್ಪ ಎಳೆದು ಹೇಳುತ್ತೇನೆ, ಯಾಕಂದ್ರೆ ಇಲ್ಲೇ ಅರ್ಧ ಕೇಸ್ ಮುಗಿಯುತ್ತದೆ. ಎಂಜಿನ್ ಇಳಿಸುವಾಗ ಬಾಡಿಗೂ ಎಂಜಿನ್‌ಗೂ ಇರುವ ಹೆಣೆದ ಅರ್ತ್ ಪಟ್ಟಿ ಬಿಚ್ಚುತ್ತಾರೆ. ಹಾಕುವಾಗ ಮರೆಯುತ್ತಾರೆ, ಇಲ್ಲಾ ಪೇಂಟ್ ಮೇಲೇ ಬೋಲ್ಟ್ ಬಿಗಿಯುತ್ತಾರೆ. ಆಗ ಕರೆಂಟ್ ಬೇರೆ ದಾರಿ ಹುಡುಕುತ್ತದೆ, ಸೆನ್ಸರ್‌ಗಳ ಸಣ್ಣ ವೋಲ್ಟೇಜ್ ಎಲ್ಲಾ ಕಲಸಿಹೋಗುತ್ತದೆ, ಒಂದಕ್ಕೊಂದು ಸಂಬಂಧ ಇಲ್ಲದ ಕೋಡ್‌ಗಳು ಒಟ್ಟಿಗೆ ಬರುತ್ತವೆ. ಮಲ್ಟಿಮೀಟರ್ ಇದ್ದರೆ ನೀವೇ ನೋಡಬಹುದು. ಡಿಸಿ ವೋಲ್ಟ್‌ಗೆ ಇಟ್ಟು, ಒಂದು ಕಡ್ಡಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಎಂಜಿನ್‌ನ ಬರಿ ಲೋಹಕ್ಕೆ ಹಿಡಿದು, ಇನ್ನೊಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಿ. 0.2 ವೋಲ್ಟ್ ಆಸುಪಾಸು ಇದ್ದರೆ ಚೆನ್ನಾಗಿದೆ. ಅರ್ಧ ವೋಲ್ಟ್ ದಾಟಿದರೆ ಅರ್ತ್ ಸರಿ ಇಲ್ಲ, ಪಟ್ಟಿ ಬಿಚ್ಚಿ, ಪೇಂಟ್ ಕೆರೆದು, ಲೋಹ ಕಾಣುವ ತನಕ ಉಜ್ಜಿ ಹಾಕಿ. ಖರ್ಚು ಒಂದು ಸ್ಯಾಂಡ್‌ಪೇಪರ್.

ಅದು ಸರಿ ಇದ್ದರೆ ಪಿ0340ಕ್ಕೆ ಬನ್ನಿ. ಕ್ಯಾಮ್ ಸೆನ್ಸರ್ ಕನೆಕ್ಟರ್ ಬಿಚ್ಚಿ ಕೀ ಆನ್ ಮಾಡಿ. ಮೂರು ವೈರ್ ಇರುತ್ತದೆ: ಒಂದರಲ್ಲಿ ಸಪ್ಲೈ, ಒಂದು ಅರ್ತ್, ಒಂದು ಸಿಗ್ನಲ್. ಸಪ್ಲೈ ಬರದಿದ್ದರೆ ಎಷ್ಟು ಹೊಸ ಸೆನ್ಸರ್ ಹಾಕಿದರೂ ಸುಮ್ನೆ. ಬಂದರೆ, ಎಂಜಿನ್ ಓಡುವಾಗ ಆ ವೈರ್ ಗೊಂಚಲನ್ನು ಸ್ವಲ್ಪ ಸ್ವಲ್ಪವೇ ಅಲುಗಾಡಿಸುತ್ತಾ ಹೋಗಿ, ಎಲ್ಲಿ ಅಲುಗಾಡಿಸಿದಾಗ ಎಂಜಿನ್ ತಡವರಿಸುತ್ತದೋ ಅಥವಾ ಕೋಡ್ ವಾಪಸ್ ಬರುತ್ತದೋ ಅಲ್ಲೇ ಕಪ್ಪು ಟೇಪ್ ಸುತ್ತಿದ ಜಾಯಿಂಟ್ ಇರುತ್ತದೆ ಅಥವಾ ವೈರ್ ಬ್ರಾಕೆಟ್‌ಗೆ ಉಜ್ಜಿ ತಾಮ್ರ ಹೊರಗೆ ಬಂದಿರುತ್ತದೆ. ಫ್ಯಾನ್, ಬೆಲ್ಟ್ ಹತ್ತಿರ ಮಾತ್ರ ಕೈ ಹಾಕಬೇಡಿ. ನಿಮ್ಮ ಕಾರು ತೋಟದ ಶೆಡ್‌ನಲ್ಲಿ ನಿಲ್ಲುತ್ತದೆ ಅಂದಿರಿ, ಹಾಗಾದರೆ ಇಲಿ ಕಡಿದಿದೆಯಾ ಅಂತಲೂ ನೋಡಿ. ನಮ್ಮ ಕಡೆ ಇಸಿಎಂಗಿಂತ ಇಲಿ ತಪ್ಪೇ ಜಾಸ್ತಿ.

ವೈರ್ ಎಲ್ಲಾ ಸರಿ ಇದ್ದು, ಪಿ0016 ಅಂತ ಇನ್ನೊಂದು ಕೋಡ್ ಜೊತೆಗೆ ಬಂದರೆ ಅದನ್ನು ತಮಾಷೆ ಮಾಡಬೇಡಿ. ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ಮತ್ತು ಕ್ಯಾಮ್ ಒಂದಕ್ಕೊಂದು ತಾಳ ತಪ್ಪಿವೆ ಅಂತ ಅರ್ಥ. ಈ ಎಂಜಿನ್‌ನಲ್ಲಿ ಇವೆರಡನ್ನೂ ಜೋಡಿಸುವ ಟೈಮಿಂಗ್ ಚೈನ್ ಇದೆ, ಗುಜರಿ ಎಂಜಿನ್ ಎಷ್ಟು ಓಡಿದೆ ಅಂತ ಯಾರಿಗೂ ಗೊತ್ತಿಲ್ಲ. ಚೈನ್ ಸಡಿಲ ಆಗಿ ಹಲ್ಲು ಹಾರಿದರೆ ವಾಲ್ವ್ ಪಿಸ್ಟನ್‌ಗೆ ಬಡಿಯುತ್ತದೆ. ಅದು ಬಂದ ದಿನ ಗಾಡಿ ಚಾರ್ಮಾಡಿ ಘಾಟಿ ಇಳಿಸಬೇಡಿ, ಟೈಮಿಂಗ್ ಕವರ್ ಬಿಚ್ಚಿಸಿ.

ಪಿ0299 ಅಂದರೆ ಟರ್ಬೊ ಗಾಳಿ ಸಾಲುತ್ತಿಲ್ಲ. ಕೈಮರದಿಂದ ಮುಳ್ಳಯ್ಯನಗಿರಿ ಕಡೆ ಹತ್ತುವಾಗ ಮಾತ್ರ ಎಳೆಯುವುದಿಲ್ಲ ಅಂತ ಬರೆದಿದ್ದೀರಿ. ಲೋಡ್ ಬಿದ್ದಾಗ ಮಾತ್ರ ಬರುವ ಕೋಡ್ ಅದು, ಸಪಾಟು ರಸ್ತೆಯಲ್ಲಿ ಗೊತ್ತೇ ಆಗುವುದಿಲ್ಲ. ಟರ್ಬೊದಿಂದ ಎಂಜಿನ್ ಕಡೆ ಗಾಳಿ ಒಯ್ಯುವ ರಬ್ಬರ್ ಪೈಪ್‌ಗಳ ಕ್ಲ್ಯಾಂಪ್ ನೋಡಿ. ಎಲ್ಲಿ ಗಾಳಿ ಸೋರುತ್ತದೋ ಅಲ್ಲಿ ಎಣ್ಣೆ ಮಿಶ್ರಿತ ಕಪ್ಪು ಧೂಳು ಅಂಟಿರುತ್ತದೆ, ಬೆರಳಿಗೆ ಹತ್ತುತ್ತದೆ. ಎಂಜಿನ್ ಇಳಿಸಿ ಹತ್ತಿಸಿದ ಗಾಡಿಯಲ್ಲಿ ಕ್ಲ್ಯಾಂಪ್ ಓರೆಯಾಗಿ ಕೂತಿರುವುದು ಮಾಮೂಲಿ.

ಪಿ0380 ಗ್ಲೋ ಪ್ಲಗ್ ಸರ್ಕಿಟ್, ಅಂದರೆ ತಣ್ಣಗಿರುವ ಎಂಜಿನ್ ಸ್ಟಾರ್ಟ್ ಆಗಲು ಒಳಗೆ ಬಿಸಿ ಮಾಡುವ ಪ್ಲಗ್‌ಗಳದ್ದು. ಡಿಸೆಂಬರ್ ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸಬಹುದು, ಓಡುವುದಕ್ಕೆ ಅಡ್ಡಿ ಇಲ್ಲ. ಆಮೇಲೆ ಮಾಡಿಸಿ.

ಇನ್ನೊಂದು. ಕೋಡ್ ಅಳಿಸುವ ಮೊದಲು ಫ್ರೀಜ್ ಫ್ರೇಮ್ ಫೋಟೋ ತೆಗೆದಿಡಿ. ಕೋಡ್ ಬಂದ ಕ್ಷಣದ ಆರ್‌ಪಿಎಂ, ವೇಗ, ಲೋಡ್ ಅದರಲ್ಲಿರುತ್ತದೆ. ಅಳಿಸಿದರೆ ಅದೂ ಹೋಗುತ್ತದೆ. ಅಳಿಸಿದ ಮೇಲೆ ಯಾವುದು ಮೊದಲು ವಾಪಸ್ ಬರುತ್ತದೆ ಅಂತ ಬರೆದಿಡಿ, ಅದನ್ನೇ ಮೊದಲು ಹಿಡಿಯಿರಿ. ಬ್ಲೂಟೂತ್ ಸ್ಕ್ಯಾನರ್ ಸಾವಿರದೊಳಗೆ ಸಿಗುತ್ತದೆ, ಮೊಬೈಲ್‌ಗೆ ಸೇರಿಸಿಕೊಳ್ಳಬಹುದು.

ಇಸಿಎಂ ಬಗ್ಗೆ ಹೇಳುವುದಾದರೆ, ಗಾಡಿ ಸ್ಟಾರ್ಟ್ ಆಗುತ್ತಿದೆ, ಸ್ಕ್ಯಾನರ್ ಜೊತೆ ಮಾತಾಡುತ್ತಿದೆ, ಬೇರೆ ರೀಡಿಂಗ್ ಸರಿ ಇದೆ. ಸತ್ತ ಇಸಿಎಂ ಹೀಗಿರುವುದು ಕಡಿಮೆ. ಗುಜರಿ ಇಸಿಎಂ ಹಾಕಿದರೆ ಇಮ್ಮೊಬಿಲೈಸರ್ (ಕಳ್ಳತನ ತಡೆಯುವ ವ್ಯವಸ್ಥೆ) ನಿಮ್ಮ ಕೀ ಗುರುತಿಸದೆ ಸ್ಟಾರ್ಟ್ ಕೂಡ ಆಗದೇ ಹೋಗಬಹುದು, ಆಮೇಲೆ ಅದರ ಹಿಂದೆ ಅಲೆಯಬೇಕು.

ಆರ್‌ಸಿ ನೋಡಿದಿರಾ? ಅದರಲ್ಲಿ ಹಳೇ ಎಂಜಿನ್ ನಂಬರ್ ಇದ್ದರೆ ಆರ್‌ಟಿಓದಲ್ಲಿ ಬದಲಿಸಲೇಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇರುವುದೇ ಇಂಥ ಬದಲಾವಣೆಗೆ. ಎಂಜಿನ್ ಕೊಂಡ ಬಿಲ್ ಹಿಂದಿನ ಓನರ್ ಹತ್ತಿರ ಇಸಿದುಕೊಳ್ಳಿ. ಬಿಲ್ ಇಲ್ಲ ಅಂದರೆ ಅದು ಕಳವು ಗಾಡಿಯ ಎಂಜಿನ್ ಅಲ್ಲ ಅಂತ ತೋರಿಸಲು ನಿಮ್ಮ ಹತ್ತಿರ ಏನೂ ಇರುವುದಿಲ್ಲ, ಆಕ್ಸಿಡೆಂಟ್ ಆದರೆ ಇನ್ಶೂರೆನ್ಸ್‌ನವರೂ ತಕರಾರು ತೆಗೆಯಬಹುದು.

ಅರ್ತ್ ರೀಡಿಂಗ್ ಎಷ್ಟು ಬಂತು, ಟರ್ಬೊ ಯಾವುದು, ಎರಡನ್ನೂ ಇಲ್ಲೇ ಬರೆಯಿರಿ. ಕ್ಯಾಮ್ ಸೆನ್ಸರ್ ಕನೆಕ್ಟರ್ ಫೋಟೋ ಹತ್ತಿರದಿಂದ ತೆಗೆದು ಹಾಕಿ, ಪಿನ್ ಕಾಣುವ ಹಾಗೆ.