ಓದುಗರ ಪ್ರಶ್ನೆ: ಅಟ್ಟದ ಟ್ರಂಕಿನಿಂದ ಕುಟುಂಬದ ಸ್ಕ್ರ್ಯಾಪ್‌ಬುಕ್‌ಗೆ

ಪ್ರಶ್ನೆ: ಅಟ್ಟದ ಟ್ರಂಕಿನಲ್ಲಿ ಹಳೆಯ ಫೋಟೊ, ಕಾಗದ, ಮದುವೆಯ ಆಮಂತ್ರಣ, ಯಕ್ಷಗಾನದ ಕರಪತ್ರಗಳು ಸಿಕ್ಕಿವೆ. ಮಲಯಾಳಂ ಮಾಧ್ಯಮದಲ್ಲಿ ಕಲಿಯುವ ಮಕ್ಕಳಿಗಾಗಿ ಇವುಗಳಿಂದ ಕುಟುಂಬದ ಸ್ಕ್ರ್ಯಾಪ್‌ಬುಕ್ ಮಾಡಬೇಕೆಂದಿದ್ದೇನೆ. ಎಂಬತ್ತು ದಾಟಿದ ಅತ್ತೆ ಜತೆಗಿದ್ದಾರೆ. ಎಲ್ಲಿಂದ ಆರಂಭಿಸಲಿ? ಮಳೆಗಾಲದಲ್ಲಿ ಬೂಷ್ಟು ಹಿಡಿಯದಂತೆ ಏನು ಮಾಡಲಿ?
– ಓದುಗರೊಬ್ಬರು, ಬದಿಯಡ್ಕ (ಕಾಸರಗೋಡು)

ಉತ್ತರ: ಪುಸ್ತಕ, ಅಂಟು, ಬಣ್ಣದ ಕಾಗದ ಯಾವುದನ್ನೂ ಈಗಲೇ ಕೊಳ್ಳಬೇಡಿ. ಮೊದಲು ಅತ್ತೆಯವರ ಪಕ್ಕದಲ್ಲಿ ಕುಳಿತು ಒಂದೊಂದೇ ಫೋಟೊ ತೋರಿಸಿ, ಅದರಲ್ಲಿರುವವರ ಹೆಸರು, ಸಂಬಂಧ, ಊರು, ಸಂದರ್ಭಗಳನ್ನು ಕೇಳಿ ಬರೆದುಕೊಳ್ಳಿ. ಕಾಗದವನ್ನು ಹೇಗಾದರೂ ಇನ್ನಷ್ಟು ಕಾಲ ಕಾಪಾಡಬಹುದು. ಮೂಲೆಯಲ್ಲಿ ನಿಂತ ಹುಡುಗ ಯಾರ ಮಗನೆಂದು ಬಲ್ಲವರು ಮಾತ್ರ ಮನೆಯಲ್ಲಿ ಅವರೊಬ್ಬರೇ ಇರಬಹುದು. ಅವರ ಮಾತನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡರೆ ಇನ್ನೂ ಒಳ್ಳೆಯದು. ಕಪ್ಪುಬಿಳುಪು ಫೋಟೊಗಳ ಹಿಂಬದಿಯ ಅಂಚಿನಲ್ಲಿ ಮೃದುವಾದ ಪೆನ್ಸಿಲಿನಿಂದ ಹಗುರವಾಗಿ ಹೆಸರು ಬರೆಯಿರಿ. ಬಾಲ್‌ಪೆನ್ನಿನಿಂದ ಒತ್ತಿ ಬರೆದರೆ ಗೆರೆ ಮುಂಬದಿಗೂ ಮೂಡುತ್ತದೆ.

ತಾರೀಖಿಲ್ಲದ ಕಾಗದಗಳ ಕಾಲವನ್ನು ತಿಳಿಯಲು ನಮ್ಮ ಗಡಿನಾಡಿನ ಚರಿತ್ರೆಯೇ ನೆರವಾಗುತ್ತದೆ. 1956ರ ನವೆಂಬರ್ 1ರವರೆಗೆ ಕಾಸರಗೋಡು ತಾಲೂಕು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಆಮೇಲೆ ಕೇರಳಕ್ಕೆ ಸೇರಿ, 1957ರಿಂದ ಅಲ್ಲಿನ ಕಣ್ಣೂರು ಜಿಲ್ಲೆಯಲ್ಲಿತ್ತು. 1984ರಲ್ಲಿ ಕಾಸರಗೋಡೇ ಜಿಲ್ಲೆಯಾಯಿತು. ಒಂದೇ ಮನೆಯಲ್ಲಿ ಹುಟ್ಟಿದ ಅಜ್ಜಿ, ಮಗ, ಮೊಮ್ಮಗಳ ದಾಖಲೆಗಳಲ್ಲಿ ಮೂರು ಜಿಲ್ಲೆಗಳ ಹೆಸರಿರುವುದು ಹೀಗೆ. ಆ ಮೂರನ್ನೂ ಒಂದೇ ಪುಟದಲ್ಲಿ ಇಟ್ಟರೆ ಮಕ್ಕಳಿಗೆ ಅದಕ್ಕಿಂತ ಒಳ್ಳೆಯ ಪಾಠ ಬೇಡ. ಲಕೋಟೆಯ ಅಂಚೆಚೀಟಿಯನ್ನೂ ನೋಡಿ: ಅದರಲ್ಲಿ ‘ನಯೇ ಪೈಸೆ’ (ಹೊಸ ಪೈಸೆ) ಎಂದಿದ್ದರೆ ಆ ಚೀಟಿ 1957ರ ನಂತರದ್ದು, ವಿಳಾಸದಲ್ಲಿ ಪಿನ್‌ಕೋಡ್ ಇದ್ದರೆ ಕಾಗದ 1972ರ ನಂತರದ್ದು.

ಅಂಟಿಸುವ ಮೊದಲು ಎಲ್ಲವನ್ನೂ ಸ್ಕ್ಯಾನ್ ಮಾಡಿಸಿ. ಚಿಕ್ಕ ಫೋಟೊಗಳಿಗೆ 600 ಡಿಪಿಐ (ಒಂದು ಇಂಚಿಗೆ ಇಷ್ಟು ಚುಕ್ಕಿ ಎಂಬ ಅಳತೆ) ಇರಲಿ. ಪುಸ್ತಕಕ್ಕೆ ಪ್ರತಿಗಳನ್ನೇ ಬಳಸಿ ಮೂಲಗಳನ್ನು ಬೇರೆಯಾಗಿ ಇಡುವುದು ನನ್ನ ದೃಷ್ಟಿಯಲ್ಲಿ ಉತ್ತಮ, ಜಮೀನಿನ ದಾಖಲೆಗಳ ವಿಷಯದಲ್ಲಂತೂ ಅದು ಕಡ್ಡಾಯ. ಮೂಲ ಫೋಟೊವನ್ನೇ ಇಡಬೇಕೆನಿಸಿದರೆ ಆಮ್ಲರಹಿತ ಕಾಗದದ ಮೇಲೆ ನಾಲ್ಕು ಮೂಲೆಗಳಿಗೆ ಕಾಗದದ ಮಡಿಕೆ ಸಿಕ್ಕಿಸಿ ಕೂರಿಸಿ. ಸೆಲ್ಲೋಟೇಪ್ ಹಳದಿಯಾಗಿ ಕಲೆ ಬಿಡುತ್ತದೆ, ಲ್ಯಾಮಿನೇಷನ್ ಮಾಡಿದ್ದನ್ನು ಮತ್ತೆ ಬಿಡಿಸಲಾಗದು. ಹಳೆಯ ಅಂಟುಪುಟದ ಆಲ್ಬಮ್ಮಿನಲ್ಲಿ ಕಚ್ಚಿಕೊಂಡ ಫೋಟೊವನ್ನು ಎಳೆಯಬೇಡಿ. ಹಲ್ಲುಸಂದಿ ಶುಚಿಗೊಳಿಸುವ ಮೇಣವಿಲ್ಲದ ದಾರವನ್ನು ಹಿಂಬದಿಯಲ್ಲಿ ತೂರಿಸಿ ಗರಗಸದಂತೆ ಮೆಲ್ಲನೆ ಆಡಿಸಿ, ಬಾರದಿದ್ದರೆ ಇದ್ದಲ್ಲಿಯೇ ಅದರ ಚಿತ್ರ ತೆಗೆಯಿರಿ.

ಹೆಸರುಗಳನ್ನು ಕನ್ನಡ, ಮಲಯಾಳಂ ಎರಡೂ ಲಿಪಿಗಳಲ್ಲಿ ಬರೆಯಿರಿ. ಮಲಯಾಳಂ ಸಾಲನ್ನು ಮಕ್ಕಳೇ ಬರೆಯಲಿ, ಕನ್ನಡದ ಸಾಲನ್ನು ಅವರಿಂದ ಓದಿಸಿ.

ಅಟ್ಟ ಇವುಗಳಿಗೆ ತಕ್ಕ ಜಾಗವಲ್ಲ, ಅಲ್ಲಿ ಬೇಸಗೆಯ ಸೆಕೆಯೂ ಮಳೆಗಾಲದ ತೇವವೂ ಹೆಚ್ಚು. ಹೊರಗೋಡೆಗೆ ತಾಗದಂತೆ ಇಟ್ಟ ಕಬ್ಬಿಣದ ಕಪಾಟಿನಲ್ಲಿ, ತೇವ ಹೀರಿ ಬಣ್ಣ ಬದಲಾಗುವ ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಬಿಗಿಮುಚ್ಚಳದ ಪೆಟ್ಟಿಗೆಯಲ್ಲಿಡಿ. ಬೂಷ್ಟು ಕಂಡರೆ ಬಿಸಿಲಿಗೆ ಹಾಕದೆ, ನೆರಳಿನಲ್ಲಿ ಗಾಳಿಗೆ ಒಣಗಿಸಿ, ಒಣಗಿದ ಮೇಲೆ ಮನೆಯ ಹೊರಗೆ ಮೃದುವಾದ ಕುಂಚದಿಂದ ಕೊಡವಿ.